ಮಾತು ತಡವರಿಸಿದರೆ ಬುದ್ಧಿ ತಡವರಿಸಿದಂತಲ್ಲ

ಕೆಲವು ವರ್ಷಗಳ ಹಿಂದೆ ನನ್ನ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲುಗಳು ಎರಡು ಮೂರು ತಿಂಗಳಲ್ಲಿ ಅಷ್ಟಿಷ್ಟು ಸುಧಾರಿಸಿದವು. ಸುಧಾರಿಸದೆ ಉಳಿದದ್ದು ಮಾತು. ನೀರು ಬೇಕೆನಿಸಿದಾಗ ಅವನ ಬಾಯಿಂದ ‘ಪುಸ್ತಕ’ ಎಂಬ ಪದ ಬರುತ್ತಿತ್ತು. ಹೇಳಿದ್ದು ತಪ್ಪೆಂದು ಅವನಿಗೇ ತಿಳಿಯುತ್ತಿತ್ತು. ತಲೆ ಅಲ್ಲಾಡಿಸಿ ಮತ್ತೆ ಪ್ರಯತ್ನಿಸುತ್ತಿದ್ದ, ಮತ್ತೆ ‘ಪುಸ್ತಕ’ ಎಂದೇ ಹೇಳಿ, ಕೊನೆಗೆ ಸಿಟ್ಟಿನಿಂದ ಗೋಡೆಯತ್ತ ಮುಖ ತಿರುಗಿಸುತ್ತಿದ್ದ. 35 ವರ್ಷ ಅಂಚೆ ಇಲಾಖೆಯಲ್ಲಿ ದುಡಿದು, ಊರಿನ ಅರ್ಧ ಜನರಿಗೆ ಅರ್ಜಿ, ಕಾಗದ ಬರೆದುಕೊಟ್ಟ ಮನುಷ್ಯ ಅವನು. ನೋಡಲು ಬಂದವರು ಅವನ ಎದುರಿಗೇ ‘ಪಾಪ, ಬುದ್ಧಿ ಹೊರಟುಹೋಗಿದೆ’ ಎಂದು ಅತ್ತಿಗೆಗೆ ಸಮಾಧಾನ ಹೇಳುತ್ತಿದ್ದರು. ಜಮೀನಿನ ವಿಷಯ, ಮಗಳ ಮದುವೆಯ ವಿಷಯ ಅವನನ್ನು ಕೇಳದೆಯೇ ತೀರ್ಮಾನವಾಗತೊಡಗಿದವು. ಅವನು ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಮಲಗಿರುತ್ತಿದ್ದ.

ಬುದ್ಧಿ ಹೋಗಿದೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ಬದುಕಿನುದ್ದಕ್ಕೂ ಕನ್ನಡ ಪಾಠ ಹೇಳಿದವನು, ಮಾತಿನಿಂದಲೇ ಅನ್ನ ಉಂಡವನು. ಮಾತಾಡಲಾರದವನಿಗೆ ಯೋಚನೆಯೂ ಇರಲಾರದೆಂಬ ಭಾವನೆ ನನ್ನಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬುದು ಅಣ್ಣನನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದ ದಿನ ನನಗೆ ಅರಿವಾಯಿತು.

ಅಲ್ಲಿನ ಚಿಕಿತ್ಸಕಿ ನನ್ನ ಮಗಳ ವಯಸ್ಸಿನ ಹುಡುಗಿ. ಮೊದಲು ಒಂದರಿಂದ ಹತ್ತರವರೆಗೆ ಎಣಿಸುವಂತೆ ಅಣ್ಣನಿಗೆ ಹೇಳಿದಳು. ಅವನು ಸರಾಗವಾಗಿ ಎಣಿಸಿದ. ವಾರದ ಹೆಸರುಗಳನ್ನು ಹೇಳಿದ. ‘ತಾತ, ಒಂದು ದೇವರ ಪದ ಹೇಳ್ತೀರಾ?’ ಎಂದಾಗ ಪಲ್ಲವಿಯನ್ನು ರಾಗವಾಗಿ ಹಾಡಿಯೇ ಬಿಟ್ಟ. ಆಮೇಲೆ ಮೇಜಿನ ಮೇಲಿದ್ದ ಲೋಟವನ್ನು ತೋರಿಸಿ ಇದೇನೆಂದು ಕೇಳಿದಳು. ಅವನ ಬಾಯಿ ತೆರೆದುಕೊಂಡಿತು, ಪದ ಬರಲಿಲ್ಲ. ನಾನು ಬೆರಗಾಗಿ ಕುಳಿತಿದ್ದೆ. ಆಕೆ ನನ್ನತ್ತ ತಿರುಗಿ, ‘ಮೇಷ್ಟ್ರೇ, ಇವರಿಗೆ ಲೋಟ ಏನೂಂತ ಗೊತ್ತು. ಅದರ ಹೆಸರು ಇಟ್ಟ ಜಾಗ ಕೈಗೆ ಸಿಗ್ತಿಲ್ಲ, ಅಷ್ಟೇ’ ಎಂದಳು.

ಈ ಸ್ಥಿತಿಗೆ ವೈದ್ಯಕೀಯದಲ್ಲಿ ಅಫೇಸಿಯಾ ಎಂಬ ಹೆಸರಿದೆ. ಬಹುತೇಕ ಜನರಲ್ಲಿ ಭಾಷೆಯ ವ್ಯವಹಾರವನ್ನು ನೋಡಿಕೊಳ್ಳುವುದು ಮೆದುಳಿನ ಎಡಭಾಗ. ಅಲ್ಲಿಗೆ ರಕ್ತದ ಪೂರೈಕೆ ನಿಂತಾಗ ದೇಹದ ಬಲಭಾಗದ ಜತೆಗೆ ಮಾತೂ ಕುಸಿಯುತ್ತದೆ. ಪಾರ್ಶ್ವವಾಯುವಿನಿಂದ ಬದುಕುಳಿದವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ವಿವರಿಸಿದ ರೋಗಿಯೊಬ್ಬ ಎಲ್ಲ ಪ್ರಶ್ನೆಗೂ ‘ತಾನ್ ತಾನ್’ ಎಂದೇ ಉತ್ತರಿಸುತ್ತಿದ್ದ. ಆದರೆ ಹೇಳಿದ ಬಹುಪಾಲು ಅವನಿಗೆ ಅರ್ಥವಾಗುತ್ತಿತ್ತು. ಮಾತಿನ ಸಾಮರ್ಥ್ಯಕ್ಕೂ ಮೆದುಳಿನ ಒಂದು ನಿರ್ದಿಷ್ಟ ಭಾಗಕ್ಕೂ ಸಂಬಂಧವಿದೆ ಎಂಬ ತಿಳಿವಳಿಕೆ ಗಟ್ಟಿಯಾದದ್ದು ಆತನಿಂದ. 160 ವರ್ಷ ದಾಟಿದ ಮೇಲೂ ಆ ತಿಳಿವಳಿಕೆ ನಮ್ಮ ಜಗಲಿಗಳನ್ನು ತಲುಪಿಲ್ಲ.

ಅಣ್ಣನ ಚಿಕಿತ್ಸೆ ನಾನು ಊಹಿಸಿದಂತೆ ನಾಲಿಗೆಯ ವ್ಯಾಯಾಮವಾಗಿರಲಿಲ್ಲ. ದಿನಬಳಕೆಯ ವಸ್ತುಗಳ ಚಿತ್ರಗಳನ್ನು ಮುಂದಿಟ್ಟು, ಪದದ ಮೊದಲ ಅಕ್ಷರವನ್ನಷ್ಟೇ ನುಡಿದು ಉಳಿದದ್ದನ್ನು ಅವನೇ ಹುಡುಕುವಂತೆ ಮಾಡುವುದು ಅದರ ಒಂದು ಭಾಗ. ಹಾಡಿನ ಲಯದಲ್ಲಿ ಸಣ್ಣ ವಾಕ್ಯಗಳನ್ನು ಹೇಳಿಸಿ, ನಿಧಾನವಾಗಿ ರಾಗವನ್ನು ಕಳಚುತ್ತ ಬರುವುದು ಇನ್ನೊಂದು; ಅಮೆರಿಕದಲ್ಲಿ 1970ರ ದಶಕದಲ್ಲಿ ರೂಪುಗೊಂಡ ವಿಧಾನವಿದು. ಆದರೆ ಚಿಕಿತ್ಸೆಯ ದೊಡ್ಡ ಪಾಲು ನಮಗೆ, ಅಂದರೆ ಮನೆಯವರಿಗೆ ಮೀಸಲಾಗಿತ್ತು. ಒಂದು ಸಲಕ್ಕೆ ಒಂದೇ ವಿಷಯ ಕೇಳಿ. ‘ಹೌದು’, ‘ಇಲ್ಲ’ ಎನ್ನಬಹುದಾದ ಪ್ರಶ್ನೆ ಕೇಳಿ. ಅವರ ಮಾತನ್ನು ನೀವು ಪೂರ್ತಿ ಮಾಡಬೇಡಿ. ಕಾಯಿರಿ. ಟಿ.ವಿ. ಆರಿಸಿ. ಗಟ್ಟಿಯಾಗಿ ಕೂಗಬೇಡಿ, ಅವರಿಗೆ ಕಿವುಡಿಲ್ಲ. ಚಿಕ್ಕ ಮಗುವಿನೊಡನೆ ಮಾತಾಡಿದಂತೆ ಮಾತಾಡಬೇಡಿ. ಅತ್ತಿಗೆ ಇದೆಲ್ಲವನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡರು.

ಆ ದಿನ ಮೈಸೂರಿನಿಂದ ಬಸ್ಸಿನಲ್ಲಿ ಹಿಂದಿರುಗುವಾಗ ನನ್ನ ಮನಸ್ಸಿನಲ್ಲಿದ್ದವನು ಅಣ್ಣನಲ್ಲ. ಎಂದೋ ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗ. ಅವನಿಗೆ ಉಗ್ಗು ಇತ್ತು. ಗದ್ಯ ಓದಿಸುವ ಸರದಿ ಅವನಿಗೆ ಬಂದಾಗ ಮೊದಲ ಅಕ್ಷರದಲ್ಲೇ ನಿಂತುಬಿಡುತ್ತಿದ್ದ. ಮುಖ ಕೆಂಪಾಗುತ್ತಿತ್ತು, ಹಿಂದಿನ ಬೆಂಚಿನಲ್ಲಿ ನಗು ಏಳುತ್ತಿತ್ತು. ಅದೇ ಹುಡುಗ ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೊಂದಿಗೆ ನಿಂತು ಸ್ಪಷ್ಟವಾಗಿ ಹಾಡುತ್ತಿದ್ದ, ಸಾಮೂಹಿಕವಾಗಿ ಮಗ್ಗಿ ಹೇಳುವಾಗ ಒಮ್ಮೆಯೂ ತಡವರಿಸುತ್ತಿರಲಿಲ್ಲ. ಇದನ್ನು ಗಮನಿಸಿದ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ: ಹುಡುಗನಿಗೆ ಮಾತು ಬರುತ್ತದೆ, ಪಾಠ ಬರುವುದಿಲ್ಲ, ಓದಿಕೊಂಡು ಬಾರದ್ದನ್ನು ಮುಚ್ಚಿಡಲು ನಾಟಕವಾಡುತ್ತಿದ್ದಾನೆ. ನಿಲ್ಲಿಸಿ ಓದಿಸಿದರೆ ಸರಿಹೋಗುತ್ತಾನೆಂದು ದಿನವೂ ನಿಲ್ಲಿಸಿದೆ. ಅವನು ಶಾಲೆಗೆ ಬರುವುದನ್ನು ಕಡಿಮೆ ಮಾಡಿದ. ಒಂದು ದಿನ ನಿಲ್ಲಿಸಿಯೇಬಿಟ್ಟ.

ನನ್ನ ತೀರ್ಮಾನ ಸಂಪೂರ್ಣ ತಪ್ಪಾಗಿತ್ತು. ಉಗ್ಗುವವರಲ್ಲಿ ಬಹುಪಾಲು ಜನ ಹಾಡುವಾಗ, ಇತರರೊಡನೆ ಒಟ್ಟಾಗಿ ಓದುವಾಗ, ಒಬ್ಬರೇ ಇದ್ದು ತಮ್ಮೊಳಗೆ ತಾವೇ ಮಾತಾಡಿಕೊಳ್ಳುವಾಗ ಉಗ್ಗುವುದು ತೀರಾ ಕಡಿಮೆ. ಇದು ಉಗ್ಗಿನ ಲಕ್ಷಣವೇ ಹೊರತು ನಾಟಕದ ಸುಳಿವಲ್ಲ. ಸುಮಾರು ಶೇ 5ರಷ್ಟು ಮಕ್ಕಳು ಎರಡರಿಂದ ಐದು ವರ್ಷದೊಳಗೆ ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ. ಅವರಲ್ಲಿ ಹೆಚ್ಚಿನವರು ಅದರಿಂದ ಹೊರಬರುತ್ತಾರೆ. ವಯಸ್ಕರಲ್ಲಿ ಸುಮಾರು ಶೇ 1ರಷ್ಟು ಜನರಲ್ಲಿ ಅದು ಉಳಿಯುತ್ತದೆ, ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ವಂಶವಾಹಿಗಳಿಗೂ, ಮಾತಿನ ಚಲನೆಗಳನ್ನು ಮೆದುಳು ಹೊಂದಿಸುವ ರೀತಿಗೂ ಇದರಲ್ಲಿ ಪಾತ್ರವಿದೆ. ಹೆದರಿಕೆಯಿಂದ ಉಗ್ಗು ಹುಟ್ಟುವುದಿಲ್ಲ, ಇನ್ನೊಬ್ಬರನ್ನು ಅನುಕರಿಸುವುದರಿಂದ ಅಂಟಿಕೊಳ್ಳುವುದೂ ಇಲ್ಲ. ಆದರೆ ನನ್ನಂತಹ ಮೇಷ್ಟರುಗಳಿಂದ, ಹಿಂದಿನ ಬೆಂಚಿನ ನಗೆಯಿಂದ, ಉಗ್ಗುವವನನ್ನು ಹಾಸ್ಯಪಾತ್ರ ಮಾಡುವ ಸಿನಿಮಾಗಳಿಂದ ಅದು ಖಂಡಿತ ಹೆಚ್ಚು ಭಾರವಾಗುತ್ತದೆ.

ಅಣ್ಣ ಮತ್ತು ಆ ಹುಡುಗ ಇಬ್ಬರಿಗೂ ಆದದ್ದು ಒಂದೇ ಅನ್ಯಾಯ. ಬಾಯಿಯ ತೊಡಕನ್ನು ನಾವು ಬುದ್ಧಿಯ ತೊಡಕೆಂದು ಓದಿದೆವು. ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಗಾದೆ ಕಟ್ಟಿದ ಸಮಾಜ ನಮ್ಮದು. ಆದರೆ ಮಾತು ಬಾರದವನಿಗೆ ನಾವು ಇಟ್ಟಿರುವ ಹೆಸರುಗಳನ್ನು ನೋಡಿ: ಮೂಗ, ತೊದಲ, ಪೆದ್ದ. ಮೂರನ್ನೂ ಒಂದೇ ಉಸಿರಿನಲ್ಲಿ ಬೈಗುಳವಾಗಿ ಬಳಸುತ್ತೇವೆ. ವಾಕ್ ಚಿಕಿತ್ಸೆ ನಮ್ಮಲ್ಲಿ ಬೇರುಬಿಡದಿರುವುದಕ್ಕೆ ಹಣದ ಕೊರತೆಗಿಂತ, ತಜ್ಞರ ಕೊರತೆಗಿಂತ ಮೊದಲ ಕಾರಣ ಇದೇ ಎಂಬುದು ನನ್ನ ಅಭಿಪ್ರಾಯ. ದಡ್ಡತನಕ್ಕೆ ಮದ್ದಿಲ್ಲವೆಂದು ನಂಬಿದವರು ಚಿಕಿತ್ಸೆಯನ್ನು ಹುಡುಕಿಕೊಂಡು ಹೋಗುವುದಾದರೂ ಏಕೆ?

ಹಾಗೆಂದು ಕನ್ನಡ ನಾಡಿಗೆ ಈ ವಿದ್ಯೆ ಹೊಸದೇನಲ್ಲ. ಮೈಸೂರಿನ ಸಂಸ್ಥೆ ಆರಂಭವಾದದ್ದು 1960ರ ದಶಕದ ನಡುವಿನಲ್ಲಿ; ಈ ಕ್ಷೇತ್ರದಲ್ಲಿ ದೇಶಕ್ಕೇ ತಜ್ಞರನ್ನು ತಯಾರಿಸಿಕೊಟ್ಟ ಸಂಸ್ಥೆ ಅದು. ಕನ್ನಡ ಮಕ್ಕಳ ಉಚ್ಚಾರಣೆಯನ್ನು ಅಳೆಯುವ ಪರೀಕ್ಷೆಯೊಂದು 1972ರಷ್ಟು ಹಿಂದೆಯೇ ಅಲ್ಲಿ ಸಿದ್ಧವಾಯಿತು. ಇದು ಸಣ್ಣ ವಿಷಯವಲ್ಲ. ಇಂಗ್ಲಿಷ್ ಮಗುವಿಗಾಗಿ ರೂಪಿಸಿದ ಪರೀಕ್ಷೆಯಿಂದ ಕನ್ನಡ ಮಗುವಿನ ಳಕಾರ, ಣಕಾರಗಳನ್ನು ಅಳೆಯಲಾಗದು. ‘ಸಕ್ಕರೆ’ಯನ್ನು ‘ತಕ್ಕಲೆ’ ಎನ್ನುವ ಮಗು ಯಾವ ವಯಸ್ಸಿನವರೆಗೆ ಮುದ್ದು, ಯಾವ ವಯಸ್ಸಿನ ಮೇಲೆ ಪರೀಕ್ಷೆಗೆ ಅರ್ಹ ಎಂಬುದನ್ನು ಕನ್ನಡ ಮಕ್ಕಳನ್ನು ನೋಡಿಯೇ ಹೇಳಬೇಕು. ಆ ಕೆಲಸ ನಮ್ಮಲ್ಲಿ ನಡೆದಿದೆ. ನಡೆಯದಿರುವುದು ಅದನ್ನು ತಾಲ್ಲೂಕಿಗೆ, ಹಳ್ಳಿಗೆ ಮುಟ್ಟಿಸುವ ಕೆಲಸ.

ವಾಕ್ ಚಿಕಿತ್ಸೆಯ ವ್ಯಾಪ್ತಿಯ ಬಗ್ಗೆಯೂ ನಮ್ಮ ಕಲ್ಪನೆ ಕಿರಿದು. ಉಗ್ಗು, ತೊದಲುಗಳಷ್ಟೇ ಅದರ ವಿಷಯವಲ್ಲ. ಸೀಳಂಗುಳದ ಶಸ್ತ್ರಚಿಕಿತ್ಸೆಯಾದ ಮಗು ಮೂಗಿನಿಂದ ಹೊರಡುವ ದನಿಯನ್ನು ಬಾಯಿಗೆ ತಂದುಕೊಳ್ಳಬೇಕು. ತಂಬಾಕಿನಿಂದ ಗಂಟಲಿನ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ಕಳೆದುಕೊಂಡವರು ಬೇರೆ ದಾರಿಯಿಂದ ದನಿ ಹುಟ್ಟಿಸುವುದನ್ನು ಕಲಿಯಬೇಕು. ಆಟಿಸಂ ಇರುವ ಮಗುವಿಗೆ ಪದಗಳಿಗಿಂತ ಮೊದಲು ಇನ್ನೊಬ್ಬರ ಕಣ್ಣು, ಬೆರಳುಗಳನ್ನು ಅನುಸರಿಸುವ ಅಭ್ಯಾಸ ಬೇಕು. ವರ್ಷಗಟ್ಟಲೆ ಗಂಟಲು ಹರಿದುಕೊಂಡು ಪಾಠ ಹೇಳಿದ ಶಿಕ್ಷಕರಿಗೆ ಧ್ವನಿಯನ್ನು ಉಳಿಸಿಕೊಳ್ಳುವ ಕ್ರಮ ಬೇಕು. ಪಾರ್ಶ್ವವಾಯು ಆದವರಿಗೆ ಅನ್ನ, ನೀರು ಶ್ವಾಸನಾಳಕ್ಕೆ ಇಳಿಯದಂತೆ ನುಂಗುವುದನ್ನು ಕಲಿಸುವವರೂ ಇದೇ ತಜ್ಞರು.

ಮಕ್ಕಳ ವಿಷಯದಲ್ಲಿ ನಾವು ಮಾಡುವ ದೊಡ್ಡ ತಪ್ಪು ಕಾಯುವುದು. ವಯಸ್ಕನ ಮಾತಿಗೆ ಕಾಯಬೇಕು. ಮಗುವಿನ ಚಿಕಿತ್ಸೆಗೆ ಕಾಯಬಾರದು. ನಾವು ಮಾಡುವುದು ಇದರ ತದ್ವಿರುದ್ಧ. ‘ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು’ ಎಂಬ ಅಜ್ಜಿಯ ಮಾತು ಯಾವ ಮನೆಯಲ್ಲಿ ಕೇಳಿಸಿಲ್ಲ? ಬಜೆ ತೇಯ್ದು ನಾಲಿಗೆಗೆ ಸವರುತ್ತೇವೆ, ದೇವರಿಗೆ ಹರಕೆ ಹೊರುತ್ತೇವೆ. ನಂಬಿಕೆಗೆ ನನ್ನ ವಿರೋಧವಿಲ್ಲ. ಹರಕೆಯ ಜತೆಗೆ ಕಿವಿಯ ಪರೀಕ್ಷೆಯೂ ಆಗಲಿ ಎಂಬುದಷ್ಟೇ ನನ್ನ ವಿನಂತಿ. ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದ, ಎರಡು ವರ್ಷದ ಹೊತ್ತಿಗೆ ‘ಅಮ್ಮ ಬಾ’, ‘ಹಾಲು ಬೇಕು’ ಎಂಬಂತಹ ಎರಡು ಪದಗಳ ಮಾತು ಬಾರದಿದ್ದರೆ ಪರೀಕ್ಷೆ ಮಾಡಿಸಬೇಕು. ಕೆಲವು ಮಕ್ಕಳು ತಡವಾಗಿಯಾದರೂ ತಾವಾಗಿಯೇ ಮಾತಾಡುತ್ತಾರೆಂಬುದು ನಿಜ. ಆದರೆ ತಮ್ಮ ಮಗು ಅವರಲ್ಲೊಂದೋ ಅಲ್ಲವೋ ಎಂಬುದನ್ನು ಮನೆಯಲ್ಲಿ ಕುಳಿತು ಹೇಳಲಾಗದು.

ಏಕೆಂದರೆ ಮಾತಿನ ಬೇರು ಕಿವಿಯಲ್ಲಿದೆ. ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಶಾಶ್ವತ ಶ್ರವಣದೋಷವಿರುತ್ತದೆಂದು ಲೋಕದ ಅನುಭವ ಹೇಳುತ್ತದೆ. ಒಂದು ತಿಂಗಳೊಳಗೆ ಪ್ರಾಥಮಿಕ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಒಪ್ಪಿಕೊಂಡಿರುವ ಸೂತ್ರ. ನವಜಾತ ಶಿಶು ನಿದ್ದೆಯಲ್ಲಿರುವಾಗಲೇ ಕೆಲವು ನಿಮಿಷಗಳಲ್ಲಿ ಮಾಡಬಹುದಾದ ತಪಾಸಣೆ ಇದು. ಹಳ್ಳಿಗಳಲ್ಲಿ ಮಗುವಿಗೆ ಕಿವಿ ಕೇಳಿಸುವುದಿಲ್ಲವೆಂಬುದು ತಿಳಿಯುವುದು ಎಷ್ಟೋ ಸಲ ಎರಡು ಮೂರು ವರ್ಷ ಕಳೆದ ಮೇಲೆ. ಭಾಷೆಯನ್ನು ಹೀರಿಕೊಳ್ಳಲು ಮೆದುಳು ಅತ್ಯಂತ ಸಜ್ಜಾಗಿರುವ ಕಾಲ ಅಷ್ಟರಲ್ಲಿ ಜಾರಿಹೋಗಿರುತ್ತದೆ. ಶ್ರವಣ ಸಾಧನ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಕಿವಿಗೆ ಶಬ್ದವನ್ನು ಮುಟ್ಟಿಸಬಹುದು; ಆ ಶಬ್ದವನ್ನು ಭಾಷೆಯಾಗಿಸಲು ವರ್ಷಗಳ ತರಬೇತಿ ಬೇಕು. ತರಬೇತಿಯಿಲ್ಲದ ಯಂತ್ರ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಕೆಲವು ಮಕ್ಕಳಿಗೆ ಸಂಜ್ಞಾ ಭಾಷೆಯೇ ಸಹಜ ದಾರಿಯಾಗಬಹುದು. ಅದೂ ಪೂರ್ಣ ಪ್ರಮಾಣದ ಭಾಷೆಯೇ. ಗುರಿ ಇರಬೇಕಾದದ್ದು ಸಂವಹನ, ಬಾಯಿಯೊಂದೇ ಅಲ್ಲ.

ಇನ್ನು ಬೆಂಗಳೂರಿನಂತಹ ನಗರದ ಸಮಸ್ಯೆಯ ಮುಖ ಬೇರೆ. ಮಗು ಮಾತಾಡುವುದು ತಡವಾದರೆ ಮನೆಮಾತನ್ನು ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಿರೆಂಬ ಸಲಹೆ ಇಲ್ಲಿ ಧಾರಾಳವಾಗಿ ಸಿಗುತ್ತದೆ. ಎರಡು ಭಾಷೆಗಳಿಂದ ಮಗುವಿಗೆ ಗೊಂದಲವೆಂಬ ನಂಬಿಕೆ ಇದರ ಹಿಂದಿದೆ. ಸಂಶೋಧನೆಗಳು ಇದನ್ನು ಸಮರ್ಥಿಸುವುದಿಲ್ಲ. ಎರಡು ಮೂರು ಭಾಷೆ ಕೇಳುತ್ತ ಬೆಳೆಯುವುದು ಭಾಷಾ ತೊಂದರೆಗೆ ಕಾರಣವಲ್ಲ. ತೊಂದರೆಯಿರುವ ಮಗುವೂ ಎರಡು ಭಾಷೆ ಕಲಿಯಬಲ್ಲದು. ಅಜ್ಜಿಯ ಕನ್ನಡ, ತಾಯಿಯ ತುಳು ಅಥವಾ ಉರ್ದುವನ್ನು ಕಿತ್ತುಕೊಂಡು, ಮನೆಯವರಿಗೇ ಸರಾಗವಲ್ಲದ ಇಂಗ್ಲಿಷನ್ನು ಕೊಟ್ಟರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ. ಉಳಿದ ಸಮಯವನ್ನು ಮೊಬೈಲ್ ತುಂಬುತ್ತದೆ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೊಬೈಲ್ ಮಗುವಿನ ಮುಂದೆ ಮಾತಾಡುತ್ತದೆ. ಮಗು ಹೇಳಿದ್ದಕ್ಕೆ ಕಾದು ಉತ್ತರ ಕೊಡುವುದಿಲ್ಲ. ಮಗುವಿಗೆ ಮಾತು ಬರುವುದು ಈ ಕೊಡುಕೊಳ್ಳುವಿಕೆಯಿಂದ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ನಗರಗಳಲ್ಲಿ ಬೀದಿಗೊಂದು ಥೆರಪಿ ಕೇಂದ್ರ ತೆರೆಯುತ್ತಿದೆ, ತಾಯ್ತಂದೆಯರ ಆತಂಕವೇ ಅವುಗಳ ಬಂಡವಾಳ, ಇದೂ ಒಂದು ವ್ಯಾಪಾರವಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಉಗ್ಗನ್ನು ಇಷ್ಟೇ ದಿನಗಳಲ್ಲಿ ಬುಡಸಮೇತ ಕಿತ್ತುಹಾಕುತ್ತೇವೆಂದು ಭರವಸೆ ಕೊಡುವವರನ್ನು ನಂಬಬಾರದು. ಬೆಳೆದವರ ಉಗ್ಗಿಗೆ ಖಚಿತವಾದ ಶಾಶ್ವತ ಪರಿಹಾರವಿಲ್ಲ. ಅದನ್ನು ಹಗುರಗೊಳಿಸುವ, ಅದರೊಂದಿಗೆ ಅಂಜದೆ ಮಾತಾಡುವ ದಾರಿಗಳಿವೆ. ಅಫೇಸಿಯಾ ಆದವರಿಗೆ ಕಳೆದ ಮಾತೆಲ್ಲ ಮರಳುವುದು ವಿರಳ. ಒಳ್ಳೆಯ ಚಿಕಿತ್ಸಕರು ಇದನ್ನು ಮೊದಲ ದಿನವೇ ಹೇಳುತ್ತಾರೆ. ಕೇಂದ್ರಕ್ಕೆ ಹೋಗುವ ಮುನ್ನ ಅಲ್ಲಿನವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಆದರೆ ಖಾಸಗಿ ವ್ಯಾಪಾರ ಬೆಳೆಯುತ್ತಿರುವುದು ಸರ್ಕಾರಿ ವ್ಯವಸ್ಥೆ ಬಿಟ್ಟುಕೊಟ್ಟ ಜಾಗದಲ್ಲಿ ಎಂಬುದನ್ನು ಮರೆಯಬಾರದು.

ಸರ್ಕಾರದ ಬಳಿ ಚೌಕಟ್ಟು ಇಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಶ್ರವಣದೋಷವೂ ಇದೆ, ಭಾಷಾ ಬೆಳವಣಿಗೆಯ ವಿಳಂಬವೂ ಇದೆ. ಪತ್ತೆಯಾದ ಮಕ್ಕಳನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸುವ ಏರ್ಪಾಡೂ ಅದರಲ್ಲಿದೆ. ಆದರೆ ವಾಕ್ ಚಿಕಿತ್ಸೆ ಒಂದು ಸಲ ಬರೆದುಕೊಡುವ ಮಾತ್ರೆಯಲ್ಲ. ವಾರಕ್ಕೊಮ್ಮೆಯೋ ಎರಡು ಸಲವೋ ತಿಂಗಳುಗಟ್ಟಲೆ ನಡೆಯಬೇಕಾದ ಕೆಲಸ. ಕೂಲಿ ಬಿಟ್ಟು ಮಗುವನ್ನೆತ್ತಿಕೊಂಡು ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿಬರುವ ತಾಯಿ ಎಷ್ಟು ವಾರ ಹೋದಾಳು? ಆಯುಷ್ಮಾನ್ ಭಾರತ್‌ನಂತಹ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ವೆಚ್ಚವನ್ನು ಭರಿಸುತ್ತವೆ. ಜೀವ ಉಳಿದ ಮೇಲೆ ಮಾತನ್ನು ಉಳಿಸಿಕೊಳ್ಳುವ ದೀರ್ಘ ಖರ್ಚು ಮನೆಯವರ ತಲೆಯ ಮೇಲೆಯೇ ಉಳಿಯುತ್ತದೆ.

ಕಾನೂನಿನಲ್ಲೂ ಒಂದು ಬಿರುಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ನ್ಯೂನತೆಗಳಲ್ಲಿ ವಾಕ್ ಮತ್ತು ಭಾಷಾ ನ್ಯೂನತೆಯೂ ಒಂದು. ಆದರೆ ಅದರ ವ್ಯಾಖ್ಯೆ ಧ್ವನಿಪೆಟ್ಟಿಗೆ ತೆಗೆದ ಶಸ್ತ್ರಚಿಕಿತ್ಸೆ, ಅಫೇಸಿಯಾದಂತಹ ಸ್ಥಿತಿಗಳಿಂದ ಉಂಟಾದ, ದೈಹಿಕ ಅಥವಾ ನರಸಂಬಂಧಿ ಕಾರಣವುಳ್ಳ ಶಾಶ್ವತ ನ್ಯೂನತೆಯನ್ನು ಮುಂದಿಟ್ಟುಕೊಂಡಿದೆ. ಉಗ್ಗುವ ಹುಡುಗ ಮೌಖಿಕ ಪರೀಕ್ಷೆಯಲ್ಲೋ ಸಂದರ್ಶನದಲ್ಲೋ ನನಗೆ ಐದು ನಿಮಿಷ ಹೆಚ್ಚು ಕೊಡಿ ಎಂದು ಹಕ್ಕಿನಿಂದ ಕೇಳಲು ಅದರಲ್ಲಿ ಸ್ಪಷ್ಟ ಆಧಾರ ಸಿಗುವುದಿಲ್ಲ.

ಆಗಬೇಕಾದದ್ದು ಆಕಾಶದಿಂದ ಇಳಿಯಬೇಕಾದ ಕೆಲಸಗಳಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾಕ್ ಶ್ರವಣ ತಜ್ಞರ ಒಂದು ಕಾಯಂ ಹುದ್ದೆ ಇರಲಿ. ಹೆರಿಗೆಯಾಗುವ ಪ್ರತಿ ಆಸ್ಪತ್ರೆಯಲ್ಲೂ ಶಿಶುವಿನ ಕಿವಿಯ ತಪಾಸಣೆ ಲಸಿಕೆಯಷ್ಟೇ ಸಹಜವಾಗಲಿ. ಅಂಗನವಾಡಿ ಕಾರ್ಯಕರ್ತೆಯರಿಗೆ ಮಗುವಿನ ತೂಕದ ಜತೆಗೆ ಮಾತನ್ನೂ ಗಮನಿಸುವ ತರಬೇತಿ ಸಿಗಲಿ, ಅದಕ್ಕೆ ತಕ್ಕ ಗೌರವಧನವೂ ಸಿಗಲಿ. ಮಧ್ಯದ ವಾರಗಳ ಅಭ್ಯಾಸವನ್ನು ದೂರವಾಣಿಯ ವಿಡಿಯೊ ಕರೆಯಲ್ಲಿ ನಡೆಸಬಹುದು. ಶಿಕ್ಷಕರ ತರಬೇತಿಯ ಪಠ್ಯದಲ್ಲಿ ಉಗ್ಗಿನ ಬಗ್ಗೆ ಒಂದು ಅಧ್ಯಾಯವಾದರೂ ಇರಲಿ. ನನ್ನ ಕಾಲದಲ್ಲಿ ಅಂಥದೊಂದು ಪುಟವಿದ್ದಿದ್ದರೆ ನಾನು ಆ ಹುಡುಗನನ್ನು ದಿನವೂ ನಿಲ್ಲಿಸುತ್ತಿರಲಿಲ್ಲ.

ಅಣ್ಣ ಈಗ ಎರಡು ಮೂರು ಪದಗಳ ವಾಕ್ಯ ಹೇಳುತ್ತಾನೆ. ವಿಭಕ್ತಿ ಪ್ರತ್ಯಯಗಳು ಇನ್ನೂ ಕೈಗೆ ಸಿಗುವುದಿಲ್ಲ. ‘ಅಂಗಡಿ ಹೋಗು, ಹಾಲು’ ಎನ್ನುತ್ತಾನೆ. ಮಗಳ ಮದುವೆಯ ಲಗ್ನಪತ್ರಿಕೆಯ ಕರಡನ್ನು ಅವನ ಮುಂದಿಟ್ಟಾಗ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಒಂದು ಕಾಗುಣಿತದ ತಪ್ಪಿನ ಕೆಳಗೆ ಗೆರೆ ಎಳೆದ. ಮೇಷ್ಟರಾದ ನಾನು ಅದನ್ನು ಗಮನಿಸಿರಲಿಲ್ಲ. ಅಲ್ಲಿದ್ದ ಯಾರೂ ಆಮೇಲೆ ಬುದ್ಧಿಯ ಮಾತೆತ್ತಲಿಲ್ಲ.

ಆ ಹುಡುಗ ಎಲ್ಲಿದ್ದಾನೋ ತಿಳಿಯದು. ಈಗ ಮಧ್ಯವಯಸ್ಸಿನವನಾಗಿರಬೇಕು. ಅವನಿಗೆ ನಾನು ಹಿಂದಿರುಗಿಸಲಾರದ್ದನ್ನು ಇಂದಿನ ಮಕ್ಕಳಿಗೆ ಕೊಡಲು ಯಾವ ಸರ್ಕಾರಿ ಆದೇಶವೂ ಬೇಕಿಲ್ಲ. ನಾಳೆ ನಿಮ್ಮ ತರಗತಿಯಲ್ಲಿ, ಕಚೇರಿಯಲ್ಲಿ, ಬಸ್ಸಿನ ಟಿಕೆಟ್ ಕೊಡುವಲ್ಲಿ ಯಾರಾದರೂ ಒಂದು ಅಕ್ಷರದ ಮೇಲೆ ನಿಂತುಬಿಟ್ಟರೆ ಅವರ ಪದವನ್ನು ನೀವು ಹೇಳಬೇಡಿ, ಅತ್ತ ನೋಡಬೇಡಿ, ನಗಬೇಡಿ. ಅರ್ಧ ನಿಮಿಷ ಸುಮ್ಮನೆ ಕಾಯಿರಿ. ಅಷ್ಟರಲ್ಲೂ ಆ ಪದ ಬಾರದಿದ್ದರೆ ಇನ್ನರ್ಧ ನಿಮಿಷ ಕಾಯಿರಿ.